ಅಳತೆಗೆಂದು ಕೇಳಿದ ಫೋಟೊ

ಭಾನುವಾರ, ೧೪ನೇ ತಾರೀಖು

ಮುದ್ದಿನ ತಂಗಿಗೆ,

ಹೇಗಿದ್ದೀಯ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ಶಾಲೆ ಶುರುವಾಗುವ ಕಾಲ, ಯೂನಿಫಾರ್ಮ್ ಹೊಲಿಯುವುದರಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ ಎಂದು ಬರೆಯೋಣ ಎಂದುಕೊಂಡೆ. ಅದು ಸುಳ್ಳಲ್ಲ, ಆದರೆ ಉತ್ತರ ತಡವಾದದ್ದಕ್ಕೆ ಕಾರಣ ಅದಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಕಾಗದ ಹಿಡಿದೆ.

ನಿನ್ನ ಮರಿ ಚೆನ್ನಾಗಿದ್ದಾಳೆ. ಮೊದಲು ಇದನ್ನು ಓದಿಕೋ. ಇನ್ನೊಂದು ಹಲ್ಲು ಬಿದ್ದಿದೆ, ಬಾಯಿಗೆ ಮಾತ್ರ ನಿನ್ನ ಹಾಗೆಯೇ ಬೀಗವಿಲ್ಲ.

ನನ್ನ ಕೈ ಸದಾ ಮಿಷನ್ನಿನ ಮೇಲೆ. ಗಿರಾಕಿಗಳ ಮೆಸೇಜಿಗೆಲ್ಲ ನಿನ್ನ ಮಗಳೇ ಉತ್ತರ ಒತ್ತುತ್ತಿದ್ದಳು. ಹೊಸ ಫ್ರಾಕನ್ನು ಅವಳಿಗೇ ತೊಡಿಸಿ, ಫೋಟೊ ತೆಗೆದು ಅಂಗಡಿಯ ಆನ್‌ಲೈನ್ ಪುಟಕ್ಕೆ ಹಾಕುತ್ತಿದ್ದೆ. 'ಇವಳೇ ನಮ್ಮ ಮ್ಯಾನೇಜರಮ್ಮ' ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಹೋದ ತಿಂಗಳು ಆ ಪುಟ ನೋಡಿ ಹೊಸ ಗಿರಾಕಿಯೊಬ್ಬಳು ಮೆಸೇಜ್ ಮಾಡಿದಳು. ಹೆಂಗಸಿನ ಹೆಸರು, ಹೆಂಗಸಿನ ಚಿತ್ರ. ತನ್ನ ಮಗಳಿಗೂ ಇದೇ ವಯಸ್ಸಂತೆ. ಅಳತೆ ತಿಳಿಯಲು ಹಿಂದಿನಿಂದ ಒಂದು ಫೋಟೊ ಬೇಕು, ಕೈ ಎತ್ತಿ ನಿಂತದ್ದು ಒಂದು ಬೇಕು ಎಂದಳು. ನಾನೇ ಮರಿಯನ್ನು ನಿಲ್ಲಿಸಿ ತೆಗೆದು ಕಳಿಸಿದೆ. ಆಮೇಲೆ ಯಾವ ಶಾಲೆ ಎಂದು ಕೇಳಿದಳು. ಅದನ್ನೂ ಹೇಳಿದೆವು. ಕೊನೆಗೆ ಒಂದು ಮಧ್ಯಾಹ್ನ ಮರಿಗೇ ಬರೆದಳು: 'ಈ ಸಲ ಬಾಗಿಲು ಹಾಕಿಕೊಂಡು ಒಬ್ಬಳೇ ಫೋಟೊ ತೆಗೆ. ದೊಡ್ಡಮ್ಮನಿಗೆ ಹೇಳಬೇಡ.'

ಮರಿ ಫೋನು ಹಿಡಿದು ಪಕ್ಕದ ಜೆರಾಕ್ಸ್ ಅಂಗಡಿಯಾಕೆಯ ಹತ್ತಿರ ಓಡಿದಳು. ಆಕೆ ಬಂದು ನನ್ನ ಮಿಷನ್ ನಿಲ್ಲಿಸಿ, "ಅಲ್ಲಾ ಅಕ್ಕಾ, ಅಳತೆ ಬೇಕಂದ್ರೆ ಟೇಪ್ ಹಿಡೀಬೇಕು, ಮಗೂನ ಬಾಗಿಲು ಹಾಕ್ಕೋ ಅಂತಾರಾ?" ಎಂದಳು. ಆ ಮೆಸೇಜನ್ನು ನಾನು ಓದಿದ್ದೇ ಆಗ.

ಮೂವರೂ ಠಾಣೆಗೆ ಹೋದೆವು. ಅಲ್ಲಿಯ ಅಧಿಕಾರಿಣಿ ಒಂದು ಮೆಸೇಜನ್ನೂ ಅಳಿಸಬೇಡಿ ಎಂದರು. ಎರಡು ದಿನ ಬಿಟ್ಟು ಮತ್ತೆ ಕರೆಸಿ, "ಆ ಕಡೆ ಇರೋದು ಗಂಡಸು. ಹುಡುಕ್ತಾ ಇದೀವಿ. ಆದ್ರೆ ಹೋಗಿರೋ ಫೋಟೊ ಎಲ್ಲೆಲ್ಲಿ ಹೋಗಿದೆಯೋ ಹೇಳೋಕಾಗಲ್ಲ" ಎಂದರು. ಈಗ ಪುಟದಲ್ಲಿ ಅವಳ ಒಂದು ಚಿತ್ರವೂ ಇಲ್ಲ. ಶಾಲೆಗೂ ತಿಳಿಸಿದ್ದೇನೆ. ಬಿಡಲು, ಕರೆತರಲು ನಾನೇ ಹೋಗುತ್ತೇನೆ.

ನೀನು ನನ್ನನ್ನು ನಂಬಿ ಮಗಳನ್ನು ಬಿಟ್ಟು ಆಸ್ಪತ್ರೆಯ ಕೆಲಸಕ್ಕೆ ಹೋದೆ. ನಾಲ್ಕು ಫ್ರಾಕು ಹೆಚ್ಚು ಹೋಗಲೆಂದು ಅವಳನ್ನು ಬೀದಿಗೆ ನಿಲ್ಲಿಸಿದವಳು ನಾನು. ಬಂದು ಕರೆದುಕೊಂಡು ಹೋಗುವುದಾದರೆ ಅಡ್ಡ ಬರುವ ಮುಖ ನನಗಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೂ ಮರಿಗೂ ನನ್ನ ಆಯಸ್ಸೆಲ್ಲ ಸಿಗಲಿ.

ನಿನ್ನ ಅಕ್ಕ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ಪಕ್ಕದ ಅಂಗಡಿಗೆ ಓಡುವ ಮೊದಲು ಮರಿ ನನ್ನ ಹತ್ತಿರವೇ ಬಂದಿದ್ದಳು. "ದೊಡ್ಡಮ್ಮ, ಈ ಆಂಟಿಗೆ ಉತ್ತರ ಕೊಡೋಕೆ ನಂಗಿಷ್ಟ ಇಲ್ಲ" ಎಂದಳು. ನಾನು ತಲೆ ಎತ್ತಲಿಲ್ಲ. "ಗಿರಾಕಿ ಕಣೇ, ಕೇಳಿದ್ದು ಕೊಟ್ಬಿಡು" ಎಂದೆ. ಠಾಣೆಯಲ್ಲಿ ಅಧಿಕಾರಿಣಿ, "ಮೊದಲು ದೊಡ್ಡಮ್ಮಂಗೆ ಯಾಕಮ್ಮ ಹೇಳಲಿಲ್ಲ?" ಎಂದು ಕೇಳಿದರು. ಮರಿ ಒಮ್ಮೆ ನನ್ನ ಮುಖ ನೋಡಿ, "ಮರ್ತುಹೋಯ್ತು" ಎಂದಳು. ನಾನು ಸುಮ್ಮನೆ ಕೂತಿದ್ದೆ.