ಬಚ್ಚಲ ನೀರಿನ ಕಾಲುವೆ

೬ ಸೆಪ್ಟೆಂಬರ್ ೧೯೮೧, ಭಾನುವಾರ

ನನ್ನ ಕಾಲುವೆ ಉಳಿಯಿತು!

ಬಚ್ಚಲ ನೀರು ಓಣಿಯಲ್ಲಿ ಕೆಸರಾಗುವುದು ಬೇಡವೆಂದು ಅದನ್ನು ಹಿತ್ತಲಿಗೆ ತಿರುಗಿಸಿ ಮೂರು ಬಾಳೆಗಿಡ ಹಚ್ಚಿದ್ದೆ. "ಬಿ.ಎ. ಮಾಡಿದ ಹುಡುಗಿ ಬಚ್ಚಲು ತೋಡ್ತಾಳೆ" ಎಂದು ಓಣಿಯೆಲ್ಲ ನಕ್ಕಿತು. ಆ ನಗು ತಾಳಲಾರದೆ ಅಪ್ಪ ಇವತ್ತು ಕಾಲುವೆ ಮುಚ್ಚಲು ಗುದ್ದಲಿ ಹಿಡಿದರು. ನಾನು ಬಾಳೆಗಿಡಗಳ ಮುಂದೆ ಹೋಗಿ ನಿಂತೆ, ಅಷ್ಟೆ.

ಅಷ್ಟರಲ್ಲಿ ಪಕ್ಕದ ಮನೆಯ ಖತೀಜಾಬೀ ಗೋಡೆಯಾಚೆಯಿಂದ ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದವರು ಅವರೇ.

"ಬಂಗಾರಣ್ಣ, ಮುಚ್ಚಬ್ಯಾಡ್ರಿ! ನಿಮ್ ಬಾಗಿಲಾಗ ಕೆಸರಿಲ್ಲ, ನಮ್ ಬಾಗಿಲಾಗ ಎಮ್ಮೆ ಮಲಗೋ ಹಂಗೈತೆ. ನಮಗೂ ಒಂದು ತೋಡಿಕೊಡ್ರಿ."

"ಅದಕ್ಕೆ ಇಳಿಜಾರು ತಿಳೀಬೇಕ್ರಿ ಖತೀಜಕ್ಕ" ಎನ್ನುತ್ತ ಅಪ್ಪ ಗುದ್ದಲಿ ಹೆಗಲಿಗೇರಿಸಿ ಅವರ ಹಿತ್ತಲಿಗೆ ನಡೆದೇಬಿಟ್ಟರು. ನಾನೂ ಹಿಂದೆಯೇ ಹೋದೆ. ಅಪ್ಪ ಗಂಟೆಗಟ್ಟಲೆ ತೋಡಿ, ಒಂದು ಕೊಡ ನೀರು ಸುರಿದರು. ನೀರು ನೆಟ್ಟಗೆ ಅಡುಗೆಮನೆಯತ್ತ ತಿರುಗಿತು.

"ಅಪ್ಪಾ, ಹಂಗಲ್ಲ! ಇತ್ತ ಆಳ ಮಾಡ್ರಿ!" ಅಷ್ಟು ಜೋರಾಗಿ ಕಿರುಚಿದ್ದು ನಾನೇ.

ಖತೀಜಾಬೀ ಅಪ್ಪನ ಕೈಯಿಂದ ಗುದ್ದಲಿ ಕಸಿದು ನನಗೆ ಕೊಟ್ಟರು. "ತಗಾ ಬೇಟಿ. ನಿಮ್ಮಪ್ಪ ನನ್ ಒಲೆ ತೇಲಿಸ್ತಿದ್ದ." ಅಪ್ಪನೂ ನಕ್ಕರು.

ಅಂಗೈಯಲ್ಲಿ ಬೊಬ್ಬೆ ಎದ್ದು ಪೆನ್ನು ಸರಿಯಾಗಿ ಹಿಡಿಯಲಾಗುತ್ತಿಲ್ಲ. ಮೂಲೆಮನೆಯ ದುರುಗವ್ವನೂ ಕಾಲುವೆ ತೋಡಲು ಕರೆದಿದ್ದಾಳೆ. ಅಪ್ಪನನ್ನಲ್ಲ, ನನ್ನನ್ನು.