ಏಳನೇ ನಿಮಿಷದ ಸದ್ದು

ಶನಿವಾರ, ೧೪ ಮಾರ್ಚ್

ಪ್ರೀತಿಯ ಮಗಳಿಗೆ,

ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಮುಂದೆ ಓದು. ನಾವಿಬ್ಬರೂ ಆರಾಮಾಗಿದ್ದೇವೆ. ಮೆಟ್ಟಿಲು ಹತ್ತುವಾಗ ಮಾತ್ರ ನಿನ್ನಮ್ಮನ ಮೊಣಕಾಲು ತಕರಾರು ತೆಗೆಯುತ್ತದೆ. ನನ್ನ ರಕ್ತದೊತ್ತಡ ಡಾಕ್ಟರು ಹೇಳಿದ ಗೆರೆಯೊಳಗೇ ಇದೆ. ಪುಟಾಣಿಗೆ ಮುಂದಿನ ಎರಡು ಹಲ್ಲು ಬಿದ್ದವು ಅಂತ ಬರೆದಿದ್ದೀಯ. ಹಲ್ಲಿನ ಡಾಕ್ಟರಮ್ಮನ ಮಗಳಿಗೇ ಹಲ್ಲಿಲ್ಲ ಎಂದು ನಿನ್ನಮ್ಮ ಓಣಿಗೆಲ್ಲ ಹೇಳಿಕೊಂಡು ನಗುತ್ತಿದ್ದಾಳೆ. ಅಳಿಯಂದಿರ ಬೆನ್ನುನೋವು ಹೇಗಿದೆ, ತಿಳಿಸು.

ಒಂದು ಫೋನಾದರೂ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದರೆ ಏನಾಗುತ್ತದೆಂದು ನಿನಗೇ ಗೊತ್ತು. ನೀನು ಮಾತಾಡುತ್ತಿರುತ್ತೀಯ, ನಾನು ಲೈನಿನ ಗೊರಗೊರ ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಿರುತ್ತೇನೆ. ಹೋದ ಸಲ ನೀನು ಆಸ್ಪತ್ರೆ ಬದಲಾಯಿಸುವ ವಿಷಯ ಹೇಳುತ್ತಿದ್ದಾಗ, ಫೋನನ್ನು ಎಡಗಿವಿಗೆ ಹಿಡಿದುಕೋ, ಬಲಗಡೆ ಫ್ಯಾನು ತಿರುಗುತ್ತಿದೆ ಎಂದೆ. ನಿನ್ನಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಕಾಗದದಲ್ಲಿ ಆ ತಾಪತ್ರಯವಿಲ್ಲ.

ತಡವಾದದ್ದಕ್ಕೆ ಕಾರಣ ಕೆಲಸವೇ. ರೇಡಿಯೊ ಕೇಂದ್ರದ ನೆಲಮಾಳಿಗೆಯ ಅದೇ ಕೋಣೆ, ಹಳೆಯ ಟೇಪುಗಳ ಕೊಳೆ ತೊಳೆಯುವ ಅದೇ ಕೆಲಸ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ. ಫೆಬ್ರವರಿ ಮೊದಲ ವಾರ ಮೇಜಿನ ಮೇಲೆ ಒಂದು ಪೆಟ್ಟಿಗೆ ಬಂತು. ಮೇಲಿನ ಚೀಟಿಯನ್ನು ಮೂರು ಸಲ ಓದಿದೆ ಎಂದರೆ ನಗಬೇಡ. ನಮ್ಮ ಮನೆಯ ದೊಡ್ಡ ರೆಕಾರ್ಡು ನೆನಪಿದೆಯಲ್ಲ, ಅಂಚು ಹರಿದ ನೀಲಿ ಹೊದಿಕೆಯದು? ಆ ಗಾಯಕಿಯ ಆ ಕಛೇರಿಯದೇ ಮೂಲ ಟೇಪು. ನಲವತ್ತೊಂದು ವರ್ಷದ ಹಿಂದಿನದು. ಮದುವೆಯಾದ ಹೊಸದರಲ್ಲಿ ನಾನು, ನಿನ್ನಮ್ಮ ಚಾಪೆಯ ಮೇಲೆ ಮಲಗಿಕೊಂಡು ಕೇಳುತ್ತಿದ್ದದ್ದು ಅದನ್ನೇ. ಆಗ ಮನೆಯಲ್ಲಿ ಕುರ್ಚಿ ಇರಲಿಲ್ಲ.

ಮೂರನೇ ಹಾಡು ನಿನಗೂ ಬಾಯಿಪಾಠ ಇರಬೇಕು. ಹನ್ನೊಂದು ನಿಮಿಷದ್ದು. ನಡುವೆ ಒಂದು ಕಡೆ ಗಾಯಕಿ ಸುಮ್ಮನಾಗುತ್ತಾರೆ. ಪಿಟೀಲು ಒಂದೇ ಸ್ವರವನ್ನು ಎಳೆಯುತ್ತಾ ನಿಲ್ಲುತ್ತದೆ. ಮತ್ತೆ ದನಿ ಬರುತ್ತದೆ, ಈ ಸಲ ಮೊದಲಿಗಿಂತ ಮೆತ್ತಗೆ. ಎಷ್ಟು ಜನ ಆ ಮೌನದ ಬಗ್ಗೆ ಬರೆದಿದ್ದಾರೆ, ಹೊಗಳಿದ್ದಾರೆ. ನಾನೂ ಅದನ್ನು ದೊಡ್ಡ ಕಲೆ ಎಂದೇ ತಿಳಿದಿದ್ದೆ.

ಮೂರು ವಾರ ಹೆಡ್‌ಫೋನ್ ಹಾಕಿಕೊಂಡು ಅದರೊಳಗೇ ಇದ್ದೆ. ಪರದೆಯ ಮೇಲೆ ಸದ್ದೆಲ್ಲ ಬೆಟ್ಟಗುಡ್ಡದ ಗೆರೆಯಾಗಿ ಕಾಣುತ್ತದಲ್ಲ, ಒಂದೊಂದು ಮುಳ್ಳನ್ನೂ ಹಿಡಿದು ಕಿತ್ತೆ. ಟೇಪಿನ ಸುಯ್ ಸದ್ದು, ಯಾರದೋ ಕೆಮ್ಮು, ಬಾಗಿಲು ಹಾಕಿದ್ದು, ಕುರ್ಚಿ ಕಿರುಗುಟ್ಟಿದ್ದು. ಮೂರನೇ ಹಾಡಿನಲ್ಲಿ ಆರು ನಿಮಿಷ ನಲವತ್ತು ಸೆಕೆಂಡಿನ ಹತ್ತಿರ, ಆ ಮೌನದಲ್ಲೇ, ಮರದ ಮೇಲೆ ಬಡಿದಂಥ ಮೂರು ಟಕ್ ಟಕ್ ಸದ್ದು. ರೆಕಾರ್ಡಿನಲ್ಲೂ ಇತ್ತು, ಮಂಕಾಗಿ. ಅದನ್ನೂ ತೆಗೆದೆ. ಗಾಯ ಕಾಣದ ಹಾಗೆ ಹೊಲಿಗೆ ಹಾಕಲು ಅದೊಂದಕ್ಕೇ ಎರಡು ದಿನ ಹಿಡಿಯಿತು. ಕೊನೆಗೆ ಪಿಟೀಲಿನ ಆ ಒಂದು ಸ್ವರ ಬಿಟ್ಟರೆ ಮೌನವೆಂದರೆ ಮೌನ, ಒಂದು ಧೂಳೂ ಇಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ಪ್ರತಿ ಮಾಡಿಕೊಂಡು ಮನೆಗೆ ತಂದೆ. ಅವತ್ತು ರಜೆ, ಮಧ್ಯಾಹ್ನ. ನಿನ್ನಮ್ಮ ಹಿಂದಿನ ಕೋಣೆಯಲ್ಲಿ ಯಾರದೋ ಕೋಟಿಗೆ ಅಸ್ತರು ಹೊಲಿಯುತ್ತಿದ್ದಳು. ಮಿಷನ್ ನಿಲ್ಲಿಸಿ ಬಾ, ನಿನಗೊಂದು ಉಡುಗೊರೆ ಇದೆ ಎಂದು ಕರೆದೆ. ಬಂದಳು, ಕತ್ತಿನಲ್ಲಿ ಅಳತೆಪಟ್ಟಿ ನೇತಾಡಿಸಿಕೊಂಡೇ ಕೂತಳು. ಮೊದಲ ಎರಡು ಹಾಡಿಗೆ ತಲೆ ತೂಗಿದಳು. ನಾನು ನಡುನಡುವೆ ಹೇಳುತ್ತಾ ಹೋದೆ: ಇಲ್ಲಿ ಕೆಮ್ಮು ಇತ್ತು, ಇಲ್ಲಿ ಮೈಕು ಗುಂಯ್ಗುಡುತ್ತಿತ್ತು, ಈಗ ನೋಡು. ಮೂರನೇ ಹಾಡಿನ ಆ ಜಾಗ ಬಂತು, ಹೋಯಿತು. ಅವಳು ಎದ್ದು ನಿಂತಳು.

"ಏನೋ ಕಳ್ದೋಗಿದೆ," ಎಂದಳು.

ಕಳೆದದ್ದು ಕೊಳೆ ಮಾತ್ರ ಎಂದೆ. ಅಲ್ಲಿ ಮೂರು ಟಕ್ ಟಕ್ ಇತ್ತಲ್ಲ, ಅದಿಲ್ಲದೆ ಇದು ಬೇರೆ ಯಾರದೋ ಹಾಡು ಕೇಳಿದ ಹಾಗಿದೆ ಎಂದಳು. ಬಟ್ಟೆಯ ಮಾತಿನಲ್ಲೇ ಹೇಳಿದಳು, ಒಗೆದು ಒಗೆದು ಬಣ್ಣವನ್ನೂ ಒಗೆದುಬಿಟ್ಟಿದ್ದೀರಿ ಎಂದು. ನನಗೆ ಸಿಟ್ಟು ಬಂತು. ಹೊಲಿಗೆ ಮಿಷನ್ ಕಟಕಟ ಎನ್ನುತ್ತಿರುವಾಗ, ಕಿಟಕಿಯ ಮೇಲಿನ ಅಂಗೈಯಗಲದ ರೇಡಿಯೊದಲ್ಲಿ ಹಾಡು ಕೇಳುವವಳು ನನಗೆ ಪಾಠ ಹೇಳುತ್ತೀಯಾ ಎಂದೆ. ಅನ್ನಬಾರದಿತ್ತು.

ಅವಳು ದನಿ ಏರಿಸಲಿಲ್ಲ. ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: "ಆ ಕೋಣೇಲಿ ಯಾಕೆ ಕೇಳ್ತೀನಿ ಗೊತ್ತಾ? ಇಲ್ಲಿ ನಿಮ್ಮ ಜೊತೆ ಕೂತ್ರೆ ಹಾಡು ಕೇಳ್ಸಲ್ಲ, ನಿಮ್ಮ ಮಾತೇ ಕೇಳ್ಸತ್ತೆ. ನಾನು ನಿಮ್ಮ ಜೊತೆ ಹಾಡು ಕೇಳೋದು ಬಿಟ್ಟು ಹತ್ತು ವರ್ಷ ಆಯ್ತು ರೀ. ನಿಮಗೆ ಗೊತ್ತೇ ಆಗಿಲ್ಲ."

ನನಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಟೇಪಿನಲ್ಲಿ ಅರ್ಧ ಸೆಕೆಂಡು ಕಾಣೆಯಾದರೆ ಹಿಡಿಯುವವನು ನಾನು.

ಇಲ್ಲಿಗೆ ಇವತ್ತು ನಿಲ್ಲಿಸುತ್ತೇನೆ. ನಲ್ಲಿ ರಿಪೇರಿಯವನು ಬಂದಿದ್ದಾನೆ.

ಭಾನುವಾರ, ಊಟವಾದ ಮೇಲೆ

ನಲ್ಲಿ ಸರಿಹೋಯಿತು. ಈಗ ಬೇರೆ ಕಡೆ ತೊಟ್ಟಿಕ್ಕುತ್ತಿದೆ.

ಮುಂದಿನದು ಹೇಳುತ್ತೇನೆ. ಆ ಜಗಳವಾಗಿ ನಾಲ್ಕು ದಿನಕ್ಕೆ, ಅದೇ ಕಛೇರಿಯಲ್ಲಿ ಪಿಟೀಲು ನುಡಿಸಿದ ಮೇಷ್ಟ್ರು ನಮ್ಮ ಕೇಂದ್ರಕ್ಕೆ ಬಂದರು. ಗಾಯಕಿ ತೀರಿಕೊಂಡು ವರ್ಷಗಳಾಗಿವೆ. ಆ ವೇದಿಕೆಯ ಮೇಲಿದ್ದವರಲ್ಲಿ ಈಗ ಉಳಿದವರು ಇವರೊಬ್ಬರೇ. ವಯಸ್ಸು ಎಂಬತ್ತೊಂದು. ಪ್ರಸಾರದ ಮುಂಚೆ ಒಮ್ಮೆ ಕೇಳಿ ಒಪ್ಪಿಗೆ ಕೊಡಲಿ ಎಂದು ನಮ್ಮ ಮುಖ್ಯಸ್ಥೆ ಕರೆಸಿದ್ದರು. ನೆಲಮಾಳಿಗೆಯ ಮೆಟ್ಟಿಲು ಇಳಿಯಲು ಹತ್ತು ನಿಮಿಷ ತೆಗೆದುಕೊಂಡರು. ನನ್ನ ಕುರ್ಚಿಯಲ್ಲೇ ಕೂರಿಸಿದೆ. ಹೆಡ್‌ಫೋನ್ ಬೇಡ, ಕಿವಿಯ ಮಷಿನ್ನಿನ ಮೇಲೆ ಇನ್ನೊಂದು ಮಷಿನ್ ಹಿಡಿಸುವುದಿಲ್ಲ ಎಂದರು. ಸ್ಪೀಕರಿನಲ್ಲೇ ಹಾಕಿದೆ.

ಕಣ್ಣು ಮುಚ್ಚಿಕೊಂಡು ಕೇಳಿದರು. ಎಡಗೈ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಆಡುತ್ತಿದ್ದವು. ಮೂರನೇ ಹಾಡಿನ ಮೌನ ಬಂತು. ಅವರ ಬಲಗಾಲು ನೆಲಕ್ಕೆ ಮೂರು ಸಲ ಬಡಿಯಿತು. ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ನನ್ನ ಕಾಲೆಲ್ಲಿ ಸ್ವಾಮಿ?"

ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಗಾಯಕಿಯನ್ನು ಅಕ್ಕ ಎಂದೇ ಕರೆಯುತ್ತಿದ್ದರಂತೆ. ಆ ದಿನ ಅಕ್ಕನಿಗೆ ಜ್ವರ. ಕಛೇರಿ ಬೇಡ ಎಂದು ಎಲ್ಲರೂ ಹೇಳಿದರೂ ಹತ್ತಿ ಕೂತಿದ್ದರು. ಮೂರನೇ ಹಾಡಿನ ನಡುವೆ ಸಾಲು ಮರೆತುಹೋಯಿತು. ಉಸಿರೂ ಇರಲಿಲ್ಲ. ತಿರುಗಿ ಇವರ ಮುಖ ನೋಡಿದರು. ಇವರು ಸ್ವರ ಬಿಡದೆ ಎಳೆದು ಹಿಡಿದರು. ಸಭೆಗೆ ಗೊತ್ತಾಗದ ಹಾಗೆ ಮರದ ವೇದಿಕೆಗೆ ಕಾಲ ಹಿಮ್ಮಡಿಯಿಂದ ಮೂರು ಸಲ ತಟ್ಟಿದರು, ಇಲ್ಲಿಂದ ಬಾ ಅಕ್ಕ ಎನ್ನುವ ಹಾಗೆ. ಅಕ್ಕ ಬಂದರು. ಇಡೀ ಜೀವನದಲ್ಲಿ ತಾವು ನುಡಿಸಿದ್ದರಲ್ಲಿ ಒಳ್ಳೆಯದು ಆ ಮೂರು ಏಟೇ, ಪಿಟೀಲಲ್ಲ, ಎಂದರು. ಇದನ್ನೆಲ್ಲ ಅವರು ಔಷಧಿ ಚೀಟಿ ಓದುವ ಹಾಗೆ, ಒಂದೇ ದನಿಯಲ್ಲಿ ಹೇಳಿ ಮುಗಿಸಿದರು.

ನಾನು ಮೂಲ ಟೇಪು ಹಾಕಿ ಆ ಜಾಗವನ್ನು ಮತ್ತೆ ಕೇಳಿಸಿದೆ. ಅವರು ಕೇಳಿದ ಮೇಲೆ, ಕೆಟ್ಟ ಚಟವೋ ಒಳ್ಳೆಯ ಚಟವೋ, ನನಗೆ ಅದನ್ನು ಅಳೆಯೋಣ ಎನ್ನಿಸಿತು. ಸುತ್ತಲಿನ ಭಾಗವನ್ನು ನಿಧಾನ ಮಾಡಿ, ಪಿಟೀಲಿನ ಒಂದೊಂದು ಎಳೆತವನ್ನೂ ನೋಡಿದೆ. ಆಗ ಕಂಡಿತು ಮಗಳೇ. ಅಕ್ಕ ಸಾಲು ಮರೆಯುವ ಮುಂಚೆಯೇ, ಸುಮಾರು ಅರ್ಧ ನಿಮಿಷದಿಂದ, ಪಿಟೀಲು ಸ್ವಲ್ಪ ಸ್ವಲ್ಪವೇ ಹಿಂದೆ ಉಳಿಯುತ್ತಾ ಬಂದಿದೆ. ಅವರ ಉಸಿರು ಕುಗ್ಗಿದಷ್ಟೂ ಇವರು ಎಳೆತವನ್ನು ಉದ್ದ ಮಾಡಿದ್ದಾರೆ. ಕಾಯುತ್ತಿದ್ದಾರೆ. ಬರಿಗಿವಿಗೆ ಇದು ಸಿಗುವುದಿಲ್ಲ. ಮೇಷ್ಟ್ರಿಗೆ ಪರದೆಯ ಮೇಲೆ ತೋರಿಸಿದೆ. ಹೀಗೆ ಮಾಡಿದ್ದೆನೇ ಎಂದು ತಮಗೇ ಗೊತ್ತಿಲ್ಲದವರಂತೆ ಕೇಳಿದರು.

ಅವರನ್ನು ಆಟೊ ಹತ್ತಿಸಿ ಬಂದು ಮುಖ್ಯಸ್ಥೆಯ ಹತ್ತಿರ ಹೋದೆ. ಆ ಮೂರು ಏಟನ್ನು ವಾಪಸು ಹಾಕಬೇಕು ಎಂದೆ. ಕೇಳುವವರು ನಮ್ಮದೇ ತಪ್ಪು ಎಂದುಕೊಳ್ಳುತ್ತಾರೆ, ಶುಕ್ರವಾರ ಪ್ರಸಾರ, ಈಗ ಇದೇನು ಎಂದರು. ಮೂವತ್ತಮೂರು ವರ್ಷದಲ್ಲಿ ನಾನು ಅವರ ಕುರ್ಚಿಯಲ್ಲಿ ಕೂತ ಯಾರಿಗೂ ಎದುರು ಮಾತಾಡಿದವನಲ್ಲ. ಅವತ್ತು ಮಾತ್ರ, ಆ ಸದ್ದಿಲ್ಲದೆ ಹೋಗುವುದಾದರೆ ಕೆಲಸ ಮಾಡಿದವರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಸರಿ, ಹಾಕಿ, ದೂರು ಬಂದರೆ ನೀವೇ ಉತ್ತರ ಬರೆಯಬೇಕು ಎಂದರು. ಕೆಮ್ಮು, ಬಾಗಿಲು ಯಾವುದನ್ನೂ ನಾನು ವಾಪಸು ತರಲಿಲ್ಲ. ಅವು ಕೊಳೆಯೇ. ಇದೊಂದು ಕೊಳೆಯಲ್ಲ.

ಪ್ರಸಾರವಾಯಿತು. ಒಂದು ದೂರೂ ಬಂತು, ಆರು ನಿಮಿಷ ನಲವತ್ತೊಂದು ಸೆಕೆಂಡಿನಲ್ಲಿ ನಿಮ್ಮ ಸ್ಟುಡಿಯೊದಲ್ಲಿ ಯಾರೋ ಬಾಗಿಲು ತಟ್ಟುತ್ತಿದ್ದಾರೆ ಎಂದು. ನನ್ನ ಜಾತಿಯವನೇ ಯಾರೋ. ಒಂದು ಪುಟ ಉತ್ತರ ಬರೆದು ಹಾಕಿದ್ದೇನೆ.

ನಿನ್ನಮ್ಮನಿಗೆ ಮಾತ್ರ ಏನು ಹೇಳಬೇಕೆಂದು ತಿಳಿಯದೆ ಎರಡು ದಿನ ಓಡಾಡಿದೆ. ಕೊನೆಗೆ ಹಿಂದಿನ ಕೋಣೆಗೇ ಹೋಗಿ, ಕತ್ತರಿಸಿದ ಬಟ್ಟೆ ಸರಿಸಿ ನೆಲದ ಮೇಲೆ ಕೂತೆ. ನೀನೇ ಸರಿ, ಅಲ್ಲಿ ಒಬ್ಬರ ಕಾಲಿತ್ತು ಎಂದೆ. ಕಥೆಯನ್ನೆಲ್ಲ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು. ಗೆದ್ದವಳ ಹಾಗೆ ಮುಖ ಮಾಡಲಿಲ್ಲ. ಒಂದು ಕರಾರು ಮಾತ್ರ ಹಾಕಿದಳು. ಯಾವ ಹಾಡಾದರೂ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೇಳಬೇಕು, ಕೈಯಲ್ಲಿ ಪೆನ್ನು ಇರಬಾರದು. ಎರಡನೇ ಸಲ ಏನು ಬೇಕಾದರೂ ಹೇಳಬಹುದು, ಅವಳು ಕೇಳಿದರೆ.

ಹೋದ ಭಾನುವಾರ ಮೊದಲ ಸಲ ಹಾಗೆ ಕೂತೆವು. ಸುಮ್ಮನಿರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಎರಡನೇ ಹಾಡಿನಲ್ಲಿ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಮೂರನೆಯದರ ಹೊತ್ತಿಗೆ ನುಂಗಲು ಏನೂ ಇರಲಿಲ್ಲ, ಹಾಡು ಮಾತ್ರ ಇತ್ತು. ಎಷ್ಟೋ ವರ್ಷದ ಮೇಲೆ ಆ ಹಾಡು ಮುಗಿದಾಗ ಅಯ್ಯೋ ಮುಗಿಯಿತಲ್ಲ ಎನ್ನಿಸಿತು. ಮುಗಿದ ಮೇಲೆ ನಿನ್ನಮ್ಮ ಅದೇನೋ ಪಿಟೀಲು ಕಾಯುತ್ತೆ ಅಂದ್ರಲ್ಲ, ಎಲ್ಲಿ ತೋರಿಸಿ ಎಂದಳು. ತೋರಿಸಿದೆ. ಮೂರು ಸಲ ಅದೊಂದೇ ಜಾಗ ಹಾಕಿಸಿಕೊಂಡಳು. ಮೂರನೇ ಸಲಕ್ಕೆ ಅವಳಿಗೂ ಸಿಕ್ಕಿತು. "ಕಾಯೋದು ಕೇಳಿಸ್ತಿದೆ," ಎಂದಳು, ಕಣ್ಣೊರೆಸಿಕೊಂಡಳು. ನನ್ನ ಕೆಲಸದಿಂದ ಅವಳಿಗೆ ಏನಾದರೂ ಸಿಕ್ಕಿದ್ದು ಅದೇ ಮೊದಲು ಇರಬೇಕು.

ಯಾರ ಫೋಟೊ ತೋರಿಸಿದರೂ ಮೊದಲು ಹಲ್ಲೇ ಕಾಣುತ್ತೆ ಅಂತ ನೀನೂ ಒಮ್ಮೆ ಹೇಳಿದ್ದೆ. ಕಾಣಲಿ ಬಿಡು. ಹಲ್ಲು ನೋಡಬೇಡ ಎನ್ನಲು ನಾನು ಯಾರು. ನಗುವನ್ನೂ ಒಮ್ಮೆ ನೋಡಿಕೋ, ಅಷ್ಟೇ.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಪುಟಾಣಿಯ ಎರಡು ಕೆನ್ನೆಗೂ ಅಜ್ಜನ ಮುತ್ತು. ನಿನ್ನ ಕೈಗೆ ಒಳ್ಳೆಯ ಹೆಸರು ಬರಲಿ, ನಿನ್ನ ಮನೆಯಲ್ಲಿ ಜಗಳ ಬಂದರೂ ಸಂಜೆಯೊಳಗೆ ಮುಗಿಯಲಿ, ಮೂವರೂ ನೆಮ್ಮದಿಯಾಗಿರಿ.

ನಿನ್ನ
ಅಪ್ಪ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಕೊನೆಗೆ ಉಳಿಸಿಕೊಂಡದ್ದು: ನಿನಗೆ ಹದಿಮೂರು ವರ್ಷವಿದ್ದಾಗ ನನ್ನ ಹುಟ್ಟಿದ ದಿನಕ್ಕೆಂದು ನೀನೊಂದು ಹಾಡು ಹೇಳಿ, ಕ್ಯಾಸೆಟ್ಟಿಗೆ ತುಂಬಿ ಕೊಟ್ಟಿದ್ದೆ. ನಾನು ಹೆಡ್‌ಫೋನ್ ಹಾಕಿ ಕೇಳಿ, ಒಂದು ಹಾಳೆಯ ತುಂಬ ತಪ್ಪುಗಳ ಪಟ್ಟಿ ಮಾಡಿ, ನಿನಗೆ ಸಹಾಯ ಮಾಡಿದೆ ಎಂದುಕೊಂಡು ಕೈಗಿಟ್ಟೆ. ನೀನು ಸರಿ ಅಪ್ಪ ಎಂದೆ. ಆಮೇಲೆ ಈ ಮನೆಯಲ್ಲಿ ನೀನು ಹಾಡಿದ್ದು ನಾನು ಕೇಳಿಲ್ಲ. ಓದು ಹೆಚ್ಚಾಯಿತು, ಅದಕ್ಕೇ ಬಿಟ್ಟಳು ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ, ನನಗೆ ನಾನೂ.

ಈ ಬುಧವಾರ ಆ ಕ್ಯಾಸೆಟ್ಟು ಹುಡುಕಿದೆ. ನಿನ್ನಮ್ಮನ ಗುಂಡಿಗಳ ಡಬ್ಬಿಯ ಕೆಳಗೆ ಸಿಕ್ಕಿತು, ಹಾಳೆಯೂ ಜೊತೆಗೇ ಮಡಿಸಿಟ್ಟಿತ್ತು. ಹದಿನೇಳು ತಪ್ಪು ಬರೆದಿದ್ದೇನೆ. ಹದಿನೇಳನೆಯದು ಹೀಗಿದೆ: ಹಾಡು ಮುಗಿದ ಮೇಲೆ ಎರಡು ಸೆಕೆಂಡು ಅನಗತ್ಯ ಮಾತು, ಕತ್ತರಿಸಬೇಕು. ಅದೇನು ಮಾತು ಎಂದು ಆಗ ನನ್ನ ತಲೆಗೆ ಹೋಗಿರಲಿಲ್ಲ, ಎಷ್ಟು ಹೊತ್ತಿನದು ಎಂದಷ್ಟೇ ಅಳೆದಿದ್ದೆ. ಬುಧವಾರ ಕೇಳಿಸಿಕೊಂಡೆ. "ಅಮ್ಮಾ, ಅಪ್ಪಂಗೆ ಇಷ್ಟ ಆಗತ್ತಾ?" ಎಂದು ಕೇಳುತ್ತಿದ್ದೀಯ. ಅವಳು ಏನಾದರೂ ಹೇಳುವ ಮೊದಲೇ ಟೇಪು ನಿಂತಿದೆ.

ಇಷ್ಟ ಆಯಿತು ಮಗಳೇ.