ಒರೆಸೋಕೆ ಏನೂ ಇರಲಿಲ್ಲ

ಲೇ ಇವಳೇ,

ನೀನು ಹೋದ ಮೇಲೆ ನಿನ್ನ ಮೊಲ, ಅದೇ ನಮ್ಮ ಸಾಹೇಬ್ರು, ಪೂರ್ತಿ ಮುದುಕರಾದರು ಕಣೇ. ಬೆನ್ನು ಬಗ್ಗಲ್ಲ. ಹಿಂದೆ ಅಂಟಿದ ಹಿಕ್ಕೆನ ದಿನಾ ಬೆಳಗ್ಗೆ ನಾನೇ ಒದ್ದೆ ಬಟ್ಟೆಯಲ್ಲಿ ಒರೆಸ್ತೀನಿ. ಮಗಳದ್ದು ಒಂದಿನಾನೂ ತೊಳೆಯದವನಿಗೆ ಒಳ್ಳೇ ಶಾಸ್ತಿ ಅಂತ ನಗ್ತಿದ್ದೀಯಾ? ನಗು.

ನೀನು ಬರೀ ಒಣಹುಲ್ಲು ಹಾಕ್ತಿದ್ದೆ. ನಾನು ಮುದ್ದು ಮಾಡಿ ಬಾಳೆಹಣ್ಣು, ಬಿಸ್ಕತ್ತು ತಿನ್ನಿಸಿ ಹೊಟ್ಟೆ ಕೆಡಿಸಿದೆ.

ಇವತ್ತು ಬಟ್ಟೆ ಹಿಡ್ಕೊಂಡು ಹೋದರೆ ಒರೆಸೋಕೆ ಏನೂ ಇಲ್ಲ. ಗೂಡಲ್ಲಿ ಒಂದು ಹಿಕ್ಕೆನೂ ಬಿದ್ದಿಲ್ಲ. "ಭಲೇ ಸಾಹೇಬ್ರೇ, ಶುದ್ಧ ಆಗ್ಬಿಟ್ರಿ!" ಅಂದೆ. ನೋಡಿದರೆ ಮೂಲೆಯಲ್ಲಿ ಮುದುಡಿಕೊಂಡು ಹಲ್ಲು ಕಡೀತಿದ್ದಾರೆ. ಬಾಳೆಹಣ್ಣು ಹಿಡಿದರೆ ಮುಖ ತಿರುಗಿಸಿದರು. ಥೇಟ್ ನೀನು ತಟ್ಟೆ ಸರಿಸಿದ ಹಾಗೆ. ಆವತ್ತು ನಾನು, "ಏನು ಮಹಾರಾಣಿ, ಡಯಟ್ಟಾ?" ಅಂದಿದ್ದೆ. ನೀನೂ ನಕ್ಕಿದ್ದೆ.

ಇವತ್ತು ತಮಾಷೆ ಮಾಡಲಿಲ್ಲ. ಟವೆಲಲ್ಲಿ ಸುತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, "ಯಾವಾಗಿಂದ ತಿಂದಿಲ್ಲ?" ಅಂದರು. ನಿನ್ನ ಡಾಕ್ಟರೂ ಇದನ್ನೇ ಕೇಳಿದ್ದರು. ಈ ಸಲ ತಡವರಿಸದೆ ಹೇಳಿದೆ.

"ಕರುಳು ನಿಂತುಬಿಟ್ಟಿದೆ, ಹಿಕ್ಕೆ ಹಾಕಿದರೆ ಉಳಿಯುತ್ತೆ" ಅಂತ ಒಳಗೆ ಎತ್ಕೊಂಡು ಹೋಗಿದ್ದಾರೆ. ಬಾಗಿಲು ಇನ್ನೂ ತೆಗೆದಿಲ್ಲ. ಆ ಬಟ್ಟೆ ನನ್ನ ತೊಡೆ ಮೇಲಿದೆ, ಮಲ್ಲಿಗೆ ಥರ ಬೆಳ್ಳಗೆ. ಇದು ಗಲೀಜಾಗಲಿ ಅಂತ ಬೇಡ್ಕೋತಾ ಕೂತಿದ್ದೀನಿ ಕಣೇ.